ಡಾಂಬರು ಹಚ್ಚಿದ ದೋಣಿ

ಹರಿಗೋಲು ನಡೆಸುವ ಮನೆತನದಲ್ಲಿ ಹುಟ್ಟಿದ ಯಮನೂರನಿಗೆ ಬಿರುಕು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಕರಾವಳಿಯಿಂದ ಲಾರಿಯಲ್ಲಿ ತರಿಸಿದ ಹಳೆಯ ಫೈಬರ್ ದೋಣಿಯ ಮೈತುಂಬ ಕೂದಲೆಳೆಯಂಥ ಬಿರುಕುಗಳಿದ್ದವು. ಅಪ್ಪ, ಅಜ್ಜ ಹರಿಗೋಲಿಗೆ ಮಾಡಿದ್ದನ್ನೇ ಇವನೂ ಮಾಡಿದ. ಡಾಂಬರು ಕಾಸಿ ಒಳಗೂ ಹೊರಗೂ ಬಳಿದು ಮೀಸೆ ತಿರುವಿದ. ಲಿಂಗಸುಗೂರು ತಾಲ್ಲೂಕಿನ ಆ ಹೊಳೆದಡದಲ್ಲಿ ಅವನಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿತ್ತು?

ನೀರಿಗಿಳಿಸಿ ನೋಡಿದರೆ ತಳ ಜಿನುಗಿತು. ಕೃಷ್ಣೆಯ ನಡುಗಡ್ಡೆಯಲ್ಲಿ ಗಂಡನ ಮನೆಯಲ್ಲಿದ್ದ ಮಗಳು ಸುಕನ್ಯಾಳಿಗೆ ದಿನ ತುಂಬಿದ್ದವು. ಹೊಳೆ ಬೇರೆ ಏರತೊಡಗಿತ್ತು. ಇವತ್ತೇ ಬಂದು ದವಾಖಾನೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ ಯಮನೂರ, ಸಿಂಧನೂರಿನಲ್ಲಿ ಫೈಬರ್ ನೀರಿನ ಟಾಕಿ ರಿಪೇರಿ ಮಾಡುವ ಜುಲ್ಫಿಕರನನ್ನು ಕರೆಸಿದ.

ಜುಲ್ಫಿಕರ್ ದೋಣಿಯನ್ನು ಬೋರಲು ಹಾಕಿಸಿ ನಾಣ್ಯದಿಂದ ಬಡಿಯುತ್ತ ಹೋದ. ಗಟ್ಟಿ ಇದ್ದಲ್ಲಿ ಟಣ್ ಎಂದಿತು. ಕೂರುವ ಹಲಗೆಯ ನೇರಕ್ಕೆ ಬಂದಾಗ ಮಾತ್ರ ಸದ್ದು ಸತ್ತುಹೋಯಿತು. ಉಳಿದ ಬಿರುಕುಗಳು ಬರೀ ಮೇಲಿನ ಪದರಿನವು, ಅವಕ್ಕೆ ಹೆದರಬೇಕಿಲ್ಲ, ಇದೊಂದು ಒಳಗಿನವರೆಗೂ ಸೀಳಿದೆ ಎಂದ. ಫೈಬರ್ ಬಟ್ಟೆ ಇಟ್ಟು ಅಂಟು ಹಾಕಿದರೆ ಕೂಡಿಕೊಳ್ಳುತ್ತಿತ್ತಂತೆ. ಆದರೆ ಡಾಂಬರು ಕುಡಿದ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ.

“ಹಂಗ ಬಿಟ್ಟಿದ್ರ ಸಂಜಿಗೆ ನೀರಿಗಿಳಸ್ತಿದ್ವಿ, ಕಾಕಾ. ಈಗ ಇದನ್ನೆಲ್ಲ ಉಜ್ಜಿ ತಗೀಬೇಕು. ನಾಳಿಗೂ ಆಗಂಗಿಲ್ಲ.”

ಯಮನೂರನಿಗೆ ಸಿಟ್ಟು ನೆತ್ತಿಗೇರಿತು. ಟಾಕಿ ರಿಪೇರಿಯವನಿಗೆ ಹೊಳೆಯ ಸುದ್ದಿ ಏನು ಗೊತ್ತೆಂದು ಕೂಗಾಡಿ, ದೋಣಿಯನ್ನು ಮಗುಚಿ ನೀರಿಗೆ ತಳ್ಳಲು ಕೈ ಹಾಕಿದ. ಜುಲ್ಫಿಕರ್ ಆ ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ತಳ ಹಸಿ ಚರ್ಮದಂತೆ ಒಳಕ್ಕೆ ತಗ್ಗಿತು.

ಯಮನೂರ ದೋಣಿಯಿಂದ ಕೈ ತೆಗೆದ. ಅವರ ಮನೆತನದಲ್ಲಿ ಯಾರೂ ಇನ್ನೊಬ್ಬರ ದೋಣಿ ಕೇಳಿದವರಲ್ಲ. ನಾಚಿಕೆ ನುಂಗಿಕೊಂಡು ಮಗಳಿಗೆ ಫೋನ್ ಹಚ್ಚಿದ.

“ನಾ ಡಾಂಬರ್ ಹಚ್ಚಿ ದೋಣಿ ಕೆಡಿಸೀನವ್ವ. ಬರಾಕ ಆಗಂಗಿಲ್ಲ. ತಾಲ್ಲೂಕ್ ಆಫೀಸಿನವ್ರಿಗೆ ದೋಣಿ ಕಳಸ್ರಿ ಅಂತ ನಿನ್ನ ಗಂಡಗ ಹೇಳಾಕ ಹಚ್ಚು.”

ಆ ಕಡೆ ಸುಕನ್ಯಾ ಉಸಿರು ಬಿಗಿಹಿಡಿದು ಮಾತಾಡಿದಳು.

“ಆಫೀಸಿನವ್ರು ಮುಂಜಾನೆನೇ ದೋಣಿ ತಂದಿದ್ರಪ್ಪ. ನಮ್ಮಪ್ಪ ಬರ್ತಾನ ಅಂತ ಹೇಳಿ ನಾನ ವಾಪಸ್ ಕಳಿಸೀನಿ. ಆಗಲೇ ನೋವು ಬರಾಕತ್ತಿದ್ವು. ಈಗ ಹೊಳಿ ಏರೇತಿ, ಮತ್ತ ಬರಂಗಿಲ್ಲ ಅಂತಾರ.”

ಯಮನೂರ ಫೋನ್ ಕಿವಿಗೆ ಹಿಡಿದುಕೊಂಡೇ ಹೊಳೆಗೆ ಇಳಿದ. ಎದೆಮಟ್ಟ ನೀರಿನಲ್ಲಿ ಜುಲ್ಫಿಕರ್ ಹಿಂದಿನಿಂದ ಅವನ ಸೊಂಟ ಹಿಡಿದು ಎಳೆಯುತ್ತಿದ್ದ.