ಹೊತ್ತು ಮುಳುಗುವುದರೊಳಗೆ

ಲಕ್ಷ್ಮಿಬಾಯಿ ಒಲೆಯ ಮುಂದೆ ಹಾಲು ಉಕ್ಕದಂತೆ ಕಾಯುತ್ತಿದ್ದಾಗ ಮೈದುನ ಬಾಬಾಸಾಹೇಬನ ಬೈಕು ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅವನ ಮಗಳು ಮನಿಷಾ, ಎದೆಗೆ ಅವಚಿಕೊಂಡ ಪರೀಕ್ಷೆಯ ಪ್ಯಾಡು. ಚಿಕ್ಕೋಡಿಯ ಕಾಲೇಜಿನಲ್ಲಿ ಅಂದು ಅವಳ ಕೊನೆಯ ಪೇಪರು. ಬಾಬಾಸಾಹೇಬ ಇಳಿದವನೇ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ.

"ವೈನಿ, ದಾದಾನ ಟೇಪಿನ ಡಬ್ಬಿ ಸ್ವಲ್ಪ ಕೊಡ್ರಿ. ಬ್ರೇಕಿನ ಎಣ್ಣಿ ಸೋರಾಕತ್ತೈತಿ," ಎಂದ ಅತ್ತಿಗೆಗೆ.

ಲಕ್ಷ್ಮಿಬಾಯಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಬೇಡಕಿಹಾಳದಲ್ಲಿ ಏನು ಸೋರಿದರೂ ಜನ ಅವಳ ಗಂಡ ದಾದಾಸಾಹೇಬನ ಹತ್ತಿರವೇ ಓಡಿ ಬರುತ್ತಿದ್ದ ಕಾಲವೊಂದಿತ್ತು. ಕಬ್ಬಿನ ಹೊಲದ ಡ್ರಿಪ್ ಪೈಪು ಸೋರಲಿ, ಔಷಧ ಹೊಡೆಯುವ ಪಂಪು ಸೋರಲಿ, ಬಸದಿಯ ಅಂಗಳದ ನಳವೇ ಸೋರಲಿ, ಅವನು ತಗಡಿನ ಡಬ್ಬಿಯಿಂದ ಬಿಳಿ ಟೇಪಿನ ಸುರುಳಿ ತೆಗೆದು, ಸುತ್ತಿ, ಬಿಗಿದು, ಕೈ ಒರೆಸಿಕೊಳ್ಳುವಷ್ಟರಲ್ಲಿ ಸೋರುವುದು ನಿಂತಿರುತ್ತಿತ್ತು. ದಾದಾನ ಕೈಗುಣ ಎಂದು ಊರು ಹೊಗಳುತ್ತಿತ್ತು. ಹೊಗಳಿಕೆಗೆ ಅವನು ಸ್ವಲ್ಪ ಉಬ್ಬುತ್ತಿದ್ದ, ಹೆಂಡತಿ ಅವನಿಗಿಂತ ಹೆಚ್ಚು ಉಬ್ಬುತ್ತಿದ್ದಳು. ಬಂದವರಿಗೆಲ್ಲ ಚಹಾ ಮಾಡಿ ಸಾಕಾಯಿತೆಂದು ಗೊಣಗುತ್ತಲೇ ಸಕ್ಕರೆಯನ್ನು ಮಾತ್ರ ಕೈ ಬಿಚ್ಚಿ ಹಾಕುತ್ತಿದ್ದಳು. ಆ ಮನುಷ್ಯ ಬೈಕಿನ ಅಪಘಾತದಲ್ಲಿ ಹೋಗಿ ವರ್ಷ ತುಂಬಿತ್ತು. ಡಬ್ಬಿ ಮಾತ್ರ ಅದೇ ಗೂಡಿನಲ್ಲಿತ್ತು.

ಟೇಪು ಮುಗಿದಿದೆ ಎಂದು ಲಕ್ಷ್ಮಿಬಾಯಿ ಸುಳ್ಳು ಹೇಳಿದಳು. ಬೈಕನ್ನು ಬಾಳೇಶನ ಗ್ಯಾರೇಜಿಗೆ ಒಯ್ಯಬಾರದೇ ಎಂದೂ ಕೇಳಿದಳು. ಬಾಬಾಸಾಹೇಬ ತಲೆ ಎತ್ತದೆ ನಕ್ಕ. ಗ್ಯಾರೇಜಿನ ಬಾಗಿಲು ತೆಗೆಯುವುದೇ ಊರೆಲ್ಲ ಎದ್ದ ಮೇಲೆ, ಅಷ್ಟರಲ್ಲಿ ಪರೀಕ್ಷೆ ಶುರುವಾಗಿರುತ್ತದೆ. ಅಷ್ಟಕ್ಕೂ ಕೆಟ್ಟಿದ್ದೇನು? ಬ್ರೇಕಿನಿಂದ ಗಾಳಿ ತೆಗೆಯಲೆಂದು ಇರುವ ಕಿರುಬೆರಳಿನಷ್ಟು ಸ್ಕ್ರೂ. ತಾನೇ ನಿನ್ನೆ ಬಿಗಿಯಲು ಹೋಗಿ ಅದರ ಆಟೆ, ಎಂದರೆ ಒಳಗಿನ ಸುರುಳಿ ಎಳೆ, ಸವೆದುಹೋಗಿದೆ. ನಾಲ್ಕು ಸುತ್ತು ಟೇಪು ಸುತ್ತಿದರೆ ಇವತ್ತಿನ ಮಟ್ಟಿಗೆ ನಡೆಯುತ್ತದೆ.

"ದಾದಾ ಇದ್ದಿದ್ರ ಇಷ್ಟೊತ್ತಿಗೆ ಮಾಡಿ ಕಳಿಸಿರತಿದ್ದ," ಎಂದ.

ಅಷ್ಟರಲ್ಲಿ ಮನಿಷಾ ಒಳಗೆ ಹೋಗಿ ಡಬ್ಬಿ ತಂದೇಬಿಟ್ಟಳು. ಚಿಕ್ಕವಳಿದ್ದಾಗಿನಿಂದ ದೊಡ್ಡಪ್ಪನಿಗೆ ಅದನ್ನು ತಂದುಕೊಟ್ಟು ರೂಢಿ. ಸುರುಳಿಯಲ್ಲಿ ಅರ್ಧದಷ್ಟು ಟೇಪು ಹಾಗೇ ಇತ್ತು. ಹುಡುಗಿ ದೊಡ್ಡವ್ವನ ಮುಖ ನೋಡಿದಳು. ಗಂಡನ ನೆನಪಿನ ವಸ್ತು ಬಳಸಿ ಮುಗಿಸಲು ಮನಸ್ಸಿಲ್ಲ, ಅದಕ್ಕೇ ಸುಳ್ಳು ಹೇಳಿದ್ದಾಳೆ ಎಂದುಕೊಂಡಿರಬೇಕು.

ಬಾಬಾಸಾಹೇಬ ಟೇಪಿನ ತುದಿ ಬಿಡಿಸುತ್ತಿದ್ದ. ಲಕ್ಷ್ಮಿಬಾಯಿ ಅವನ ಬೆರಳುಗಳನ್ನು ನೋಡಿದಳು. ಅಣ್ಣನದೇ ಬೆರಳು, ಅದೇ ಗೇಣು. ನಂತರ ಮನಿಷಾಳನ್ನು ನೋಡಿದಳು.

"ಮುಟ್ಟಬ್ಯಾಡ್ರಿ ಅದನ್ನ," ಎಂದಳು. "ನಿಮ್ಮ ಅಣ್ಣ ಹ್ವಾದದ್ದು ಅದರಿಂದನ."

ದಾದಾ ಹೋದದ್ದು ರಸ್ತೆಗೆ ಅಡ್ಡ ನಿಂತ ಕಬ್ಬಿನ ಟ್ರ್ಯಾಕ್ಟರಿನಿಂದ, ಅದು ಊರಿಗೆಲ್ಲ ಗೊತ್ತು ಎಂದು ಬಾಬಾಸಾಹೇಬ ಸಮಾಧಾನ ಮಾಡಲು ಬಂದ. ಅವಳು ಅವನ ಕೈ ಹಿಡಿದು ದನದ ಕೊಟ್ಟಿಗೆಗೆ ಕರೆದೊಯ್ದಳು. ಮೂಲೆಯಲ್ಲಿ ಗೋಣಿತಾಟು ಹೊದಿಸಿದ್ದ ದಾದಾನ ಬೈಕು. ಯಾರು ಕೇಳಿದರೂ ಮಾರದೆ ಇಟ್ಟುಕೊಂಡದ್ದು. ಗೋಣಿ ಸರಿಸಿ ಮುಂದಿನ ಗಾಲಿಯ ಬ್ರೇಕು ತೋರಿಸಿದಳು. ಸ್ಕ್ರೂ ಇದ್ದ ಜಾಗದಲ್ಲಿ ತೂತು. ತೂತಿನ ಬಾಯಲ್ಲಿ ಹರಿದ ಬಿಳಿ ಟೇಪಿನ ಚೂರು ಇನ್ನೂ ಅಂಟಿಕೊಂಡಿತ್ತು. ಅದರ ಕೆಳಗೆ ಎಣ್ಣೆ ಹರಿದು ಒಣಗಿದ ಕಲೆ.

ಪೊಲೀಸರು ಬೈಕು ಮರಳಿಸಿದ ದಿನ ಧೂಳು ಒರೆಸಲು ಹೋದಾಗ ಅವಳು ಅದನ್ನು ಕಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಜನ ಟ್ರ್ಯಾಕ್ಟರಿನವನನ್ನು ಬೈದರು, ವಿಧಿಯನ್ನು ಬೈದರು, ದಾದಾನ ಕೈಯನ್ನು ಯಾರೂ ಬೈಯಲಿಲ್ಲ. ಅವಳಿಗೆಂದು ಉಳಿದದ್ದು ಆ ಹೆಸರೊಂದೇ. ಅದನ್ನೂ ತನ್ನ ಕೈಯಿಂದಲೇ ಕಳೆಯುವುದೆಂದರೆ ಅವನನ್ನು ಎರಡನೆಯ ಸಲ ಕಳುಹಿಸಿದಂತೆ ಎಂದು ಅವಳಿಗೆ ಅನಿಸಿತ್ತು.

"ಟೇಪ ಸುತ್ತಿದ್ದು ಅವರು," ಎಂದಳು. "ನಿಪ್ಪಾಣ್ಯಾಗ ಮೇಸ್ತ್ರಿ ಹೇಳಿದ್ದನಂತ, ಇದು ತಡಿಯೂದಿಲ್ಲ, ಬ್ರೇಕಿನ ಕ್ಯಾಲಿಪರ ಬದಲಿ ಮಾಡ್ತೇನಿ, ಸ್ವಲ್ಪ ಕುಂಡ್ರಿ ಅಂತ. ಅಲ್ಲಿಂದನ ನನಗ ಫೋನ ಮಾಡಿದ್ರು. ನಾ ಏನಂದೆ ಗೊತ್ತೇನ್ರಿ? ಹೊತ್ತು ಮುಳುಗಾಕ ಬಂತು, ಅದನ್ನ ನಾಳೆ ಮಾಡಸ್ರಿ, ಲಗೂನ ಊಟಕ್ಕ ಬರ್ರಿ ಅಂದೆ."

ಬಾಬಾಸಾಹೇಬ ಕೊಟ್ಟಿಗೆಯ ಕಂಬ ಹಿಡಿದು ನಿಂತುಬಿಟ್ಟ. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಅನ್ನ ಮುಟ್ಟುವುದಿಲ್ಲ. ತಲೆಮಾರುಗಳಿಂದ ನಡೆದುಬಂದ ಜೈನರ ನೇಮ ಅದು. ಎಲ್ಲಿದ್ದರೂ ಸಂಜೆ ಬಿಸಿಲಿರುವಾಗಲೇ ಓಡಿ ಬಂದು ತಟ್ಟೆಯ ಮುಂದೆ ಕೂರುವುದು ಅಣ್ಣತಮ್ಮಂದಿರಿಬ್ಬರಿಗೂ ಹುಟ್ಟಿನಿಂದ ಬಂದದ್ದು. ಅಂದು ದಾದಾನ ತಟ್ಟೆ ಹಾಕಿಯೇ ಇತ್ತು. ಬಂದದ್ದು ಅವನ ಸುದ್ದಿ.

"ಹಂಗ ಅನಬ್ಯಾಡ್ರಿ ವೈನಿ," ಎಂದ ಅವನು. "ನಾನಾಗಿದ್ರೂ ಬರ್ತಿದ್ದೆ." ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ನಿಜವೆಂದು ಅವನಿಗೇ ತಿಳಿದು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಬಾಗಿಲಲ್ಲಿ ಮನಿಷಾ ನಿಂತಿದ್ದಳು. ಕೈಯಲ್ಲಿದ್ದ ಡಬ್ಬಿಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು.

ಮನಿಷಾ ಬಸ್ಸಿಗೆ ಹೋದಳು. ಹೊರಟಿದ್ದ ಬಸ್ಸಿಗೆ ಹುಡುಗಿ ಹತ್ತಲೆಂದು ಲಕ್ಷ್ಮಿಬಾಯಿ ಸೆರಗು ಸಿಕ್ಕಿಸಿಕೊಂಡು ರಸ್ತೆಯ ನಡುವೆಯೇ ನಿಂತು ಅದನ್ನು ತಡೆದಿದ್ದಳು. ಚಾಲಕ ಬೈದ, ಬೈಸಿಕೊಂಡಳು. ಆಮೇಲೆ ಮೈದುನ ಹ್ಯಾಂಡಲ್ ಹಿಡಿದ, ಅವಳು ಹಿಂದಿನಿಂದ ನೂಕಿದಳು. ದಾದಾನ ಹೆಂಡತಿ ಸೋರುವ ಬೈಕನ್ನು ಗ್ಯಾರೇಜಿಗೆ ನೂಕಿಕೊಂಡು ಹೋಗುವುದನ್ನು ಊರು ಬಾಯಿ ಬಿಟ್ಟು ನೋಡಿತು. ಏಕೆಂದು ಕೇಳಿದವರಿಗೆಲ್ಲ ಅವಳು ಏಕೆಂದು ಹೇಳಿದಳು.

ಬಾಳೇಶ ಸ್ಕ್ರೂ ಬಿಚ್ಚಿ ಬೆಳಕಿಗೆ ಹಿಡಿದ. ಎಣ್ಣೆ ತಡೆಯುವುದು ಸ್ಕ್ರೂವಿನ ಮೊನೆ, ಅದು ಒಳಗೆ ಗಟ್ಟಿಯಾಗಿ ಒತ್ತಿ ಕೂರಬೇಕು, ಆಟೆ ಸವೆದರೆ ಒತ್ತುವ ಬಲವೇ ಇರುವುದಿಲ್ಲ, ಮೆಲ್ಲಗೆ ಬ್ರೇಕು ಹಿಡಿದಾಗ ತಡೆದಂತೆ ಕಂಡ ಟೇಪು ಗಟ್ಟಿಯಾಗಿ ಬ್ರೇಕು ಒತ್ತಿದಾಗಲೇ ಕೈಕೊಡುತ್ತದೆ ಎಂದ. ಕ್ಯಾಲಿಪರನ್ನೇ, ಎಂದರೆ ಆ ಸ್ಕ್ರೂ ಕೂರುವ ಬ್ರೇಕಿನ ಭಾಗವನ್ನೇ, ಬದಲಿಸಬೇಕು. ತನ್ನ ಹತ್ತಿರ ಒಂದಿದೆ.

ಎಷ್ಟು ಹೊತ್ತಿನ ಕೆಲಸ ಎಂದು ಲಕ್ಷ್ಮಿಬಾಯಿ ಕೇಳಿದಳು.

"ಅರ್ಧಾ ತಾಸ್ರಿ ಅಕ್ಕಾರ," ಎಂದ ಬಾಳೇಶ.

ಅವಳು ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತುಕೊಂಡಳು. ಆ ಅರ್ಧ ತಾಸು ಹೇಗೆ ಕಳೆಯುತ್ತದೆಂದು ಪೂರ್ತಿ ಕುಳಿತು ನೋಡಿದಳು. ಒಂದು ಊಟಕ್ಕೆ ಕಾಯುವಷ್ಟೂ ಆಗಿರಲಿಲ್ಲ.

ಮಧ್ಯಾಹ್ನ ಬಾಬಾಸಾಹೇಬ ಮಗಳನ್ನು ಕರೆತರಲು ಚಿಕ್ಕೋಡಿಗೆ ಹೋದ. ಗಂಡ ಹೋದ ಮೇಲೆ ಸಂಜೆಯಡುಗೆಯ ಆಸೆಯನ್ನೇ ಬಿಟ್ಟಿದ್ದ ಲಕ್ಷ್ಮಿಬಾಯಿ ಅಂದು ಮೂವರಿಗೆ ರೊಟ್ಟಿ ಬಡಿದಳು, ಮನಿಷಾಳಿಗೆ ಇಷ್ಟವೆಂದು ಬದನೆಕಾಯಿ ತುಂಬಿ ಮಾಡಿದಳು. ಬಿಸಿಲು ಅಂಗಳದಿಂದ ಗೋಡೆಗೆ, ಗೋಡೆಯಿಂದ ಹಂಚಿಗೆ ಏರಿದಾಗ ಫೋನು ಬಂತು. ಮನಿಷಾ. ಪೇಪರು ಚೆನ್ನಾಗಿ ಆಗಿದೆ, ಗೆಳತಿಯರನ್ನು ಬಿಟ್ಟು ಹೊರಡುವುದು ತಡವಾಯಿತು, ದೊಡ್ಡವ್ವ ಹಸಿದು ಕೂತಿರುತ್ತಾಳೆ, ಅಪ್ಪನಿಗೆ ಬೈಕು ಜೋರಾಗಿ ಓಡಿಸಲು ಹೇಳುತ್ತೇನೆ, ಹೊತ್ತು ಮುಳುಗುವುದರೊಳಗೆ ಬಂದುಬಿಡುತ್ತೇವೆ ಎಂದು ಒಂದೇ ಉಸಿರಿಗೆ ಹೇಳಿದಳು.

"ಬ್ಯಾಡವ್ವಾ," ಎಂದಳು ಲಕ್ಷ್ಮಿಬಾಯಿ. "ಒಂದ ರಾತ್ರಿ ಉಪಾಸ ಇದ್ರ ಯಾರೂ ಸಾಯೂದಿಲ್ಲ. ಸಾವಕಾಶ ಬರ್ರಿ."

ಆ ಕಡೆಯಿಂದ ಹುಡುಗಿ ಹೂಂಗುಟ್ಟಿ ಫೋನು ಇಟ್ಟಳು. ಲಕ್ಷ್ಮಿಬಾಯಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹಾಕಿಟ್ಟ ತಟ್ಟೆಗಳ ಮುಂದೆ ನಿಂತು, "ಸಾವಕಾಶ ಬರ್ರಿ," ಎಂದು ಇನ್ನೊಮ್ಮೆ ಹೇಳಿದಳು. ಈ ಸಲ ಆ ಕಡೆ ಯಾರೂ ಇರಲಿಲ್ಲ.