ಹೊಳೆ ದಂಡೆಯ ಒಂಬತ್ತನೇ ಜಾಗ

ಗುಡಾರ ಹಾಕಿ ತಂಗುವ ಆ ಹೊಳೆ ದಂಡೆಯ ಸರ್ಕಾರಿ ಉದ್ಯಾನಕ್ಕೆ ಮತ್ತೆ ಹೋಗೋಣ ಎಂದು ಅಕ್ಕ ಫೋನ್ ಮಾಡಿದಾಗ, ಹೊಲಿಗೆ ಅಂಗಡಿಯಲ್ಲಿದ್ದ ತಂಗಿಯ ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು. ಆರು ವರ್ಷದ ಹಿಂದೆ ಅಲ್ಲಿಯೇ ಅಕ್ಕನ ಒಬ್ಬಳೇ ಮಗಳು, ಏಳು ವರ್ಷದ ಪುಟ್ಟಿ, ನೀರುಪಾಲಾಗಿದ್ದಳು. ಅಕ್ಕ ಭಾವ ದೋಣಿಯಲ್ಲಿ ಸುತ್ತಾಡಲು ಹೋಗಿದ್ದರು; ಮಗುವನ್ನು ನೋಡಿಕೊಳ್ಳಲು ಉಳಿದವಳು ತಂಗಿ. ಕುಡಿಯುವ ನೀರು ತರಲು ನಲ್ಲಿಯ ಹತ್ತಿರ ಹೋಗಿದ್ದೆ ಎಂದು ಅವತ್ತು ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತಾ ಬಂದಿದ್ದಳು. ಯಾರೂ ಕೆದಕಿರಲಿಲ್ಲ.

ಅವತ್ತು ಗುಡಾರ ಹಾಕಿದ್ದ ಅದೇ ಒಂಬತ್ತನೇ ಜಾಗವನ್ನು ಅಕ್ಕ ಗೊತ್ತುಮಾಡಿದ್ದಳು. ಇಬ್ಬರೂ ಅಲ್ಲಿಗೆ ತಲುಪಿದಾಗ ಪಕ್ಕದ ಗುಡಾರದವರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆಚೆ ಯಾರೋ ಗಾಳ ಹಾಕಿ ಕೂತಿದ್ದರು. ಅಕ್ಕತಂಗಿಯರು ಗೂಟ ಬಡಿದರು. ಗುಡಾರದ ಒಂದು ಮೂಲೆ ಹೊಲಿಗೆ ಬಿಟ್ಟಿತ್ತು. ತಂಗಿ ರೂಢಿಯಂತೆ ಸೂಜಿ ತೆಗೆದು ಕೂತಳು.

"ಬಿಡೇ, ಆಮೇಲೆ ಹೊಲಿದ್ರಾಯ್ತು," ಎಂದಳು ಅಕ್ಕ. "ಆ ಮಧ್ಯಾಹ್ನ ಏನಾಯ್ತು ಹೇಳು. ಯಾವತ್ತೂ ಕೇಳಿಲ್ಲ. ಇವತ್ತು ಕೇಳ್ತಿದ್ದೀನಿ."

ನಲ್ಲಿಯ ಮಾತು ತಂಗಿಯ ನಾಲಿಗೆಯ ತುದಿಗೆ ಬಂತು. ಅಕ್ಕನ ಮುಖ ನೋಡಿದ ಮೇಲೆ ಅದನ್ನು ಆಡಲು ಬಾಯಿ ಬರಲಿಲ್ಲ.

"ನಾನು ನೀರಿಗೆ ಹೋಗಿರಲಿಲ್ಲ ಅಕ್ಕಾ. ನಿದ್ದೆ ಹೋಗಿದ್ದೆ. ಪುಟ್ಟಿ ಕಲ್ಲು ಆರಿಸ್ತಾ ಕೂತಿದ್ಲು. ಐದೇ ನಿಮಿಷ ಅಂತ ಚಾಪೆ ಮೇಲೆ ಒರಗಿದೆ. ಎದ್ದು ನೋಡಿದ್ರೆ ಅವಳ ಚಪ್ಪಲಿ ಮಾತ್ರ ಇತ್ತು."

ಅಕ್ಕ ಅಲುಗಲಿಲ್ಲ. "ಗೊತ್ತಿತ್ತು. ಅವತ್ತು ನೀನು ಕಿರುಚ್ತಾ ಓಡಿ ಬಂದಾಗ ನಿನ್ನ ಕೆನ್ನೆ ತುಂಬಾ ಚಾಪೆ ಗೀರು."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ನೀನೇ ಹೇಳ್ತೀಯ ಅಂತ ಕಾದೆ. ಮನೆಗೆ ಬಂದಾಗೆಲ್ಲ, ಇವತ್ತು ಹೇಳ್ತಾಳೆ ಅಂದ್ಕೋತಿದ್ದೆ. ನಿದ್ದೆ ಯಾರಿಗೆ ಬರಲ್ಲ ಹೇಳು? ಅದನ್ನ ಯಾವಾಗ್ಲೋ ಹೊಟ್ಟೆಗೆ ಹಾಕ್ಕೊಂಡೆ. ಸುಳ್ಳನ್ನ ಹಾಕ್ಕೊಳ್ಳೋಕೆ ಆಗ್ಲಿಲ್ಲ."

ಅಕ್ಕ ಹೊಳೆಯ ಕಡೆ ತಿರುಗಿ ಕೇಳಿದಳು: "ಅವಳು ಕೂಗಿದ್ಲಾ?"

"ಕೇಳಿಸ್ಲಿಲ್ಲ ಅಕ್ಕಾ."

ಮಗಳನ್ನು ಮಣ್ಣು ಮಾಡಿದ ದಿನವೂ ಕಣ್ಣೀರು ಹಾಕದಿದ್ದ ಅಕ್ಕ ಈಗ ಮೊಣಕಾಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಕೈ ಚಾಚಿ, ಮುಟ್ಟುವ ಧೈರ್ಯ ಸಾಲದೆ ಹಿಂದೆಗೆದಳು.

ಹೊತ್ತು ಇಳಿಯುವ ಮೊದಲೇ ಗುಡಾರ ಬಿಚ್ಚಿದರು. ಬಸ್ಸಿನಲ್ಲಿ ತಂಗಿ ಎಲ್ಲಿ ಕೂರುವುದೆಂದು ತಿಳಿಯದೆ ನಿಂತೇ ಇದ್ದಳು. ಅಕ್ಕ ಪಕ್ಕದ ಸೀಟಿನ ಮೇಲಿಟ್ಟಿದ್ದ ಚೀಲ ಎತ್ತಿ ಮಡಿಲಿಗಿಟ್ಟುಕೊಂಡಳು. ತಂಗಿ ಕೂತಳು.