ಫೋಟೋದವಳು

ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು, ಬೀಳಲಿ, ಮೇಲ್ವಿಚಾರಕಿ ಮೇಡಂ ಚಮಚದಲ್ಲಿ ಅದನ್ನು ಹುಡುಕುತ್ತಲೇ ಬೈಯುತ್ತಿದ್ದಾಳೆ, ಹೆಸರಿಗೆ ಆರೋಗ್ಯ ಕಾರ್ಯಕರ್ತೆಯರು, ಒಂದು ಫೋಟೋ ನೆಟ್ಟಗೆ ತೆಗೆಯೋಕೆ ಬರಲ್ಲ — ಬಾ ತಾಯಿ, ನೀನೇ ಬಂದು ತೆಗಿ, ಗುಡ್ಡ ಹತ್ತಿ ಇಳಿ, ಆ ನಾಯಿಗಳ ಕೈಲಿ ಕಚ್ಚಿಸಿಕೋ, ಅಂದುಕೊಂಡಳು ಮೀಟಿಂಗಿನ ಹಿಂದಿನ ಬೆಂಚಿನಲ್ಲಿ ಕೂತ ಕಾರ್ಯಕರ್ತೆ, ಚಪ್ಪಲಿ ಕಚ್ಚಿದ ಹಿಮ್ಮಡಿ ಚುರುಗುಟ್ಟುತ್ತಿತ್ತು, ಮೊದಲೆಲ್ಲ ಬಾಣಂತಿ ಮನೆಗೆ ಹೋದರೆ ಕೂಸನ್ನು ಮಡಿಲಿಗೆ ಹಾಕಿಕೊಂಡು ನೋಡುತ್ತಿದ್ದಳು, ಈಗ ನೋಡೋದು ಫೋನು, ತಾಯಿ, ಮಗು, ತಾನು, ಮೂವರೂ ಬಾಗಿಲ ಮುಂದೆ, ಮುಖ ಕಾಣಬೇಕು, ನಗಬೇಕು, ಫೋಟೋ ಕತ್ತಲಾಗಿ ಬಂದರೆ ಭೇಟಿಯೇ ಆಗಿಲ್ಲ ಅಂತ ಕಚೇರಿಯಿಂದ ವಾಪಸ್ಸು, ಬೀದಿಯ ಮಕ್ಕಳು ಕೂಡ ಫೋಟೋದವಳು ಬಂದ್ಲು ಅಂತ ಕೂಗುತ್ತವೆ, ಗಂಡನಿಗೂ ಅದೇ ಹಾಸ್ಯ, ಊರೋರ ಹಲ್ಲೆಲ್ಲಾ ನಿನ್ನ ಫೋನಲ್ಲಿದೆ, ನನ್ನ ಮುಖ ನೆನಪಿದೆಯೇನೇ — ಇಲ್ಲದೆ ಏನು, ಖಾಲಿ ತಟ್ಟೆ ಮುಂದೆ ಕೂತ ಮುಖ, ಇವತ್ತು ಬೆಳಿಗ್ಗೆಯೂ ಒಬ್ಬ ಬಾಣಂತಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು, ನಿನ್ನೆ ತಾನೆ ತೆಗೆದ್ಯಲ್ಲೇ, ಕೂಸಿಗೆ ಶೀತ ಆಗಿದೆ, ಮಲಗಿದೆ — ನಿನ್ನೇದು ಕತ್ತಲು ಬಂದಿದೆ ಕಣಮ್ಮ, ಒಂದೇ ನಿಮಿಷ, ಹೊರಗೆ ತನ್ನಿ, ಮೀಟಿಂಗ್ ಇದೆ ನನಗೆ, ಕೂಸಿನ ಬಟ್ಟೆ ಸರಿಸು, ಇನ್ನೂ ಕೆಳಗೆ, ನೀನು ನಗು, ಅಯ್ಯೋ ಅಲ್ಲಾಡಬೇಡ ಕಣೇ, ನಾನೆಲ್ಲಿ ಅಲ್ಲಾಡಿದೆ ಅಕ್ಕ, ಅಂದಿತ್ತು ಆ ಬಾಣಂತಿ ಹುಡುಗಿ, ಎದುರುತ್ತರ ಬೇರೆ.

ಗೋಡೆಗೆ ಪ್ರೊಜೆಕ್ಟರಿನ ಬೆಳಕು ಬಿತ್ತು, ಬೆಳಗಿನದೇ ಫೋಟೋ, ಗೋಡೆ ತುಂಬ ಅವಳದೇ ಹಲ್ಲು, ಬೆಂಚುಗಳು ಕಿಸಕ್ಕೆಂದವು, ನೋಡ್ರಿ ಇಲ್ಲಿ, ಮಸುಕು, ಕೈ ನಡುಗುತ್ತೇನ್ರೀ ನಿಮಗೆ — ನಿನ್ನ ಕೈ ಸೇದಿಹೋಗ, ನನ್ನ ಕೈ ಯಾಕೆ ನಡುಗುತ್ತೆ, ನಡುಗಿದ್ದರೆ ಎಲ್ಲಾ ಮಸುಕಾಗಬೇಕಿತ್ತಲ್ಲ, ಬಾಗಿಲ ಚಿಲಕ ಸ್ಪಷ್ಟ, ಬಾಣಂತಿಯ ಓಲೆ ಸ್ಪಷ್ಟ, ಕೂಸಿನ ಬೆರಳು ಕೂಡ, ಮಸುಕಾಗಿರೋದು ಅದರ ಪಕ್ಕೆ ಒಂದೇ, ಅಂಗೈಯಷ್ಟು ಜಾಗ — ಪಕ್ಕೆ, ತರಬೇತಿಯಲ್ಲಿ ಇದೇ ಮೇಡಂ ಬಾಯಿಪಾಠ ಮಾಡಿಸಿದ್ದಳು, ಶೀತ ಅಂತ ಸುಮ್ಮನಾಗಬೇಡಿ, ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಸೇದಿಕೊಂಡರೆ ನಿಂತ ಕಾಲಲ್ಲೇ ಆಸ್ಪತ್ರೆಗೆ ಹೊರಡಿಸಿ, ಅಲ್ಲಾಡಿದ್ದು ಆ ಪಕ್ಕೆ, ಅದಕ್ಕೇ ಅವಳು ಅಲ್ಲಾಡಬೇಡ ಅಂದಿದ್ದಳು, ಕೂಸು ಉಸಿರಿಗಾಗಿ ಒದ್ದಾಡುತ್ತಿತ್ತು, ಇವಳು ನಗುತ್ತಿದ್ದಳು. ಬೆಂಚು ಬಿಟ್ಟೆದ್ದು ಮೇಜಿನ ಕಡೆ ನುಗ್ಗಿದಳು, ಎಲ್ಲಿಗ್ರೀ, ಕೂತ್ಕೊಳ್ಳಿ, ಮೀಟಿಂಗ್ ಮುಗೀಲಿ, ಬರುತ್ತಲೇ ಎಲ್ಲರ ಫೋನು ಕಿತ್ತು ಮೇಜಿನ ಮೇಲೆ ರಾಶಿ ಹಾಕಿದ್ದಾಳೆ ಪುಣ್ಯಾತ್ಗಿತ್ತಿ, ಎಲ್ಲವೂ ಕಚೇರಿ ಕೊಟ್ಟ ಒಂದೇ ಅಚ್ಚಿನವು, ಇದಲ್ಲ, ಇದೂ ಅಲ್ಲ, ಕೂಸಿಗೆ ಪಕ್ಕೆ ಎಳೀತಿದೆ ಅಂದಳು, ಅಂದಳೋ ಅಂದುಕೊಂಡಳೋ, ಏನ್ರೀ ನಿಮ್ಮ ಗಲಾಟೆ, ಸಿಕ್ಕಿತು, ಬಾಣಂತಿ ಮನೆಗೆ ರಿಂಗಾಗುತ್ತಿದೆ, ಎತ್ತೇ, ಎತ್ತೇ ತಾಯಿ, ಯಾರೂ ಎತ್ತುತ್ತಿಲ್ಲ, ಗೋಡೆಯ ಮೇಲೆ ಅವಳು ನಗುತ್ತಲೇ ಇದ್ದಾಳೆ, ಆ ನಗುವಿನ ಕೆಳಗೆ ಅದು, ಅಂಗೈಯಷ್ಟು, ಮತ್ತೆ ರಿಂಗು, ಅಂಗೈಯಷ್ಟು ಮಸುಕು, ಮತ್ತೆ, ಆ ಮಸುಕು —